ಮಾರುಕಟ್ಟೆ ಬೆಳೆಯದಿದ್ದಾಗ ಸೈಕಲ್ ಕಂಪನಿ ಬೆಳೆಯುವ ಬಗೆ: ಹಂತ ಹಂತದ ಮಾರ್ಗದರ್ಶಿ

2001ರ ಜನಗಣತಿಯ ಹೊತ್ತಿಗೆ ಭಾರತದ ಶೇ. 43.7ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಹತ್ತು ವರ್ಷ ಬಿಟ್ಟು 2011ರಲ್ಲಿ ಎಣಿಸಿದಾಗ ಅದು ಶೇ. 44.8 ಆಗಿತ್ತು. ಅದೇ ಅವಧಿಯಲ್ಲಿ ಸ್ಕೂಟರ್, ಬೈಕ್, ಮೊಪೆಡ್ ಇದ್ದ ಮನೆಗಳ ಪ್ರಮಾಣ ಶೇ. 11.7ರಿಂದ ಶೇ. 21ಕ್ಕೆ ಏರಿತು. ಮನೆಗೆ ದುಡ್ಡು ಬಂದಂತೆ ಜನ ಸೈಕಲ್ ಬಿಟ್ಟು ಗಾಡಿ ಹತ್ತಿದರು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದ್‌ನಲ್ಲಿದ್ದ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿತು.

ಚೀನಾ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಸೈಕಲ್ ತಯಾರಾಗುವುದು ನಮ್ಮಲ್ಲೇ. ಆದರೆ ಇಲ್ಲಿನ ತಯಾರಕರು ದಶಕಗಳಿಂದ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಬಂದಿದ್ದಾರೆ: ಈ ವರ್ಷ ಎಷ್ಟು ಸೈಕಲ್ ಹೊರಗೆ ಹೋಯಿತು? ಮಾರುಕಟ್ಟೆ ನಿಂತಿರುವಾಗ ಈ ಪ್ರಶ್ನೆ ದಾರಿ ತಪ್ಪಿಸುತ್ತದೆ. ಸಂಖ್ಯೆ ಹೆಚ್ಚಬೇಕೆಂದರೆ ಪಕ್ಕದವನ ಗಿರಾಕಿಯನ್ನು ಕೀಳಬೇಕು, ಕೀಳಲು ಬೆಲೆ ಇಳಿಸಬೇಕು, ಕೊನೆಗೆ ಇಬ್ಬರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಒಂದು ಸೈಕಲ್ ತನ್ನ ಇಡೀ ಆಯುಷ್ಯದಲ್ಲಿ ನಿಮಗೆ ಎಷ್ಟು ಉಳಿಸಿಕೊಡುತ್ತದೆ ಎನ್ನುವ ಲೆಕ್ಕವನ್ನು ಹಿಡಿದು ಈ ಮಾರ್ಗದರ್ಶಿ ಹೊರಡುತ್ತದೆ. ವರ್ಷಕ್ಕೆ ಒಂದರಿಂದ ಐದು ಲಕ್ಷ ಸೈಕಲ್ ಮಾಡುವ ಮಧ್ಯಮ ಗಾತ್ರದ ತಯಾರಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಹಂತ 1: ಲೆಕ್ಕವನ್ನು ಒಡೆದು ನೋಡಿ

"ಸೈಕಲ್ ಮಾರುಕಟ್ಟೆ" ಎನ್ನುವುದು ಒಂದೇ ಮಾರುಕಟ್ಟೆಯಲ್ಲ. ಹಳ್ಳಿಗೆ ಹೋಗುವ ಕರಿ ಸೈಕಲ್, ಅಂದರೆ ಸ್ಟ್ಯಾಂಡರ್ಡ್, ಒಂದು. ಎಂಟಿಬಿ (ದಪ್ಪ ಟೈರಿನ ಮೌಂಟನ್ ಬೈಕ್), ಲೇಡೀಸ್, ಸಿಟಿ ಮಾದರಿಗಳಿರುವ ಫ್ಯಾನ್ಸಿ ಇನ್ನೊಂದು. ಮಕ್ಕಳ ಸೈಕಲ್, ಗೇರ್ ಇರುವ ದುಬಾರಿ ಸೈಕಲ್, ಸರ್ಕಾರಿ ಟೆಂಡರ್, ರಫ್ತು ಇವು ಉಳಿದವು. ಒಂದು ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದಾಗ ಮಾತ್ರ "ನಿಂತ ಮಾರುಕಟ್ಟೆ" ಕಾಣುತ್ತದೆ.

ಪ್ರತಿ ವಿಭಾಗಕ್ಕೂ ಎರಡು ಅಂಕಿ ಬರೆದಿಡಿ: ಒಂದು ಸೈಕಲ್ ಮೇಲೆ ನೇರ ಖರ್ಚು ಕಳೆದು ಉಳಿಯುವುದು ಎಷ್ಟು, ಆ ಹಣ ಕೈಗೆ ಬರಲು ಎಷ್ಟು ದಿನ. ನೇರ ಖರ್ಚಿನಲ್ಲಿ ಪೈಪು, ಬಿಡಿಭಾಗ, ಬಣ್ಣ, ಪ್ಯಾಕಿಂಗ್, ಸಾಗಣೆ, ಡೀಲರ್ ಸ್ಕೀಮ್ (ಡೀಲರ್‌ಗೆ ಕೊಡುವ ರಿಯಾಯಿತಿ), ವಾರಂಟಿ ಎಲ್ಲವೂ ಬರಬೇಕು. ಸ್ಕೀಮ್ ಮತ್ತು ವಾರಂಟಿಯನ್ನು "ಇತರೆ ವೆಚ್ಚ"ಕ್ಕೆ ತಳ್ಳುವ ರೂಢಿ ಬಹಳ ಕಡೆ ಇದೆ. ಹಾಗೆ ಮಾಡಿದರೆ ನಷ್ಟದ ಮಾದರಿಯೂ ಲಾಭದಂತೆ ಕಾಣುತ್ತದೆ.

ಲೆಕ್ಕದ ರೀತಿ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ. ಟೆಂಡರ್ ಸೈಕಲ್ಲಿನ ಬೆಲೆ ₹4,000, ನೇರ ಖರ್ಚು ₹3,700 ಎಂದುಕೊಳ್ಳಿ. ಉಳಿಯುವುದು ₹300. ಬಿಲ್ ಪಾಸಾಗಲು 180 ದಿನ ಹಿಡಿದರೆ, ಶೇ. 12ರ ಬಡ್ಡಿಯಲ್ಲಿ ₹3,700ಕ್ಕೆ ಸುಮಾರು ₹219 ಬಡ್ಡಿಗೇ ಹೋಗುತ್ತದೆ. ಕೈಗೆ ದಕ್ಕುವುದು ₹81. ಫ್ಯಾನ್ಸಿ ಸೈಕಲ್ ಡೀಲರ್‌ಗೆ ₹6,500, ಖರ್ಚು ₹5,500, ಹಣ 45 ದಿನಕ್ಕೆ ಬಂದರೆ ಬಡ್ಡಿ ಸುಮಾರು ₹81, ಉಳಿಯುವುದು ₹919. ಒಂದು ಫ್ಯಾನ್ಸಿ ಸೈಕಲ್ ಹನ್ನೊಂದು ಟೆಂಡರ್ ಸೈಕಲ್ಲಿಗೆ ಸಮ. ನಿಮ್ಮ ಅಂಕಿಗಳು ಬೇರೆ ಇರಬಹುದು, ಆದರೆ ಲೆಕ್ಕ ಹಾಕುವ ಮೊದಲು ಯಾವ ತೀರ್ಮಾನವನ್ನೂ ಮಾಡಬೇಡಿ.

ಹಂತ 2: ಟೆಂಡರ್‌ಗೆ ಮಿತಿ ಹಾಕಿ

2006ರಲ್ಲಿ ಬಿಹಾರ ಶಾಲಾ ಹುಡುಗಿಯರಿಗೆ ಸೈಕಲ್ ಯೋಜನೆ ತಂದಿತು. 2006-07ರಲ್ಲಿ ಕರ್ನಾಟಕ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. 2015ರಲ್ಲಿ ಪಶ್ಚಿಮ ಬಂಗಾಳದ ಸಬೂಜ್ ಸಾಥಿ ಬಂತು. ಹೆಣ್ಣುಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವಲ್ಲಿ ಇವುಗಳ ಪಾತ್ರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಯಾರಕನ ಪಾಲಿಗೆ ಟೆಂಡರ್ ಒಂದು ಚಟವಾಗುತ್ತದೆ. ಯಂತ್ರಗಳು ಓಡುತ್ತಿರುತ್ತವೆ, ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಅಷ್ಟರಲ್ಲಿ ಅಂಗಡಿ ವ್ಯಾಪಾರ ಸೊರಗಿರುತ್ತದೆ. ಒಂದು ಬಜೆಟ್‌ನಲ್ಲಿ ಯೋಜನೆ ನಿಂತರೆ ಅರ್ಧ ಕಾರ್ಖಾನೆ ಖಾಲಿ. ಕರ್ನಾಟಕದ ಯೋಜನೆ ಕೋವಿಡ್ ಕಾಲದಲ್ಲಿ ನಿಂತಾಗ ಅದನ್ನೇ ನೆಚ್ಚಿಕೊಂಡವರಿಗೆ ಇದು ಅರ್ಥವಾಯಿತು.

ಒಬ್ಬನೇ ಗಿರಾಕಿಯನ್ನು ನಂಬುವ ಅಪಾಯಕ್ಕೆ ಜೈಂಟ್ ಕಂಪನಿಯ ಕಥೆಯನ್ನೇ ನೋಡಿ. 1972ರಲ್ಲಿ ತೈವಾನ್‌ನಲ್ಲಿ ಕಿಂಗ್ ಲಿಯು ಕಟ್ಟಿದ ಈ ಕಂಪನಿ ಅಮೆರಿಕದ ಶ್ವಿನ್‌ಗೆ ಸೈಕಲ್ ಮಾಡಿಕೊಟ್ಟು ಬೆಳೆಯಿತು. 1980ರ ದಶಕದ ಮಧ್ಯದಲ್ಲಿ ಶ್ವಿನ್ ಚೀನಾದ ಕಡೆ ತಿರುಗಿತು. ಜೈಂಟ್ ಬದುಕಿದ್ದು ತನ್ನದೇ ಹೆಸರಿನ ಸೈಕಲ್ ಮಾರಲು ಆ ಹೊತ್ತಿಗೆ ಧೈರ್ಯ ಮಾಡಿದ್ದರಿಂದ.

ಟೆಂಡರ್ ಒಟ್ಟು ಉತ್ಪಾದನೆಯ ಕಾಲು ಭಾಗ ದಾಟದಂತೆ ನೋಡಿಕೊಳ್ಳಿ. ಬಿಡ್ ಹಾಕುವ ಮುನ್ನ ನಾಲ್ಕು ವಿಷಯ ಓದಿ: ಉಕ್ಕಿನ ಬೆಲೆ ಏರಿದರೆ ದರ ಬದಲಿಸುವ ಷರತ್ತು ಇದೆಯೇ, ಭದ್ರತಾ ಠೇವಣಿ ಎಷ್ಟು ತಿಂಗಳು ಸಿಕ್ಕಿಕೊಳ್ಳುತ್ತದೆ, ಪೂರೈಕೆ ತಾಲ್ಲೂಕು ಕೇಂದ್ರಕ್ಕೋ ಶಾಲೆಯ ಬಾಗಿಲಿಗೋ, ಜೋಡಿಸುವ ಕೂಲಿ ಯಾರ ತಲೆಗೆ. ಬೆಲೆ ಒಪ್ಪಿಕೊಂಡ ದಿನದಿಂದ ಕೊನೆಯ ಲಾರಿ ಹೊರಡುವ ದಿನದವರೆಗೆ ಆರೇಳು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಪೈಪಿನ ಬೆಲೆ ಶೇ. 8 ಏರಿದರೆ ಮೇಲಿನ ಉದಾಹರಣೆಯ ₹81 ಎಲ್ಲಿಯೂ ಇರುವುದಿಲ್ಲ. ಇಂಥ ಒತ್ತಡದಲ್ಲೇ ತೆಳು ಪೈಪು, ತೆಳು ಕಡ್ಡಿ ಒಳಗೆ ಬರುತ್ತವೆ. ನಿಮ್ಮ ಹೆಸರಿರುವ ಆ ಸೈಕಲ್ ಮಕ್ಕಳ ಕೈಯಲ್ಲಿ ಮೂರು ತಿಂಗಳಿಗೆ ಕಿರುಗುಟ್ಟತೊಡಗಿದರೆ, ಅದೇ ಮನೆಯವರು ಮುಂದೆ ಅಂಗಡಿಗೆ ಹೋದಾಗ ಬೇರೆ ಹೆಸರು ಕೇಳುತ್ತಾರೆ.

ಹಂತ 3: ಅಂಗಡಿಯಲ್ಲಿ ನಡೆಯುವ ಫಿಟ್ಟಿಂಗ್ ಸರಿಮಾಡಿ

ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುವ, ಎಲ್ಲರೂ ಕಡೆಗಣಿಸುವ ಹಂತ ಇದು.

ಸೈಕಲ್ ಕಾರ್ಖಾನೆಯಲ್ಲಿ ಪೂರ್ತಿಯಾಗುವುದಿಲ್ಲ. ಕರಿ ಸೈಕಲ್ ಹೆಚ್ಚು ಕಡಿಮೆ ಬಿಡಿಬಿಡಿಯಾಗಿ ಹೋಗುತ್ತದೆ. ಫ್ಯಾನ್ಸಿ ಸೈಕಲ್ ಮುಕ್ಕಾಲು ಜೋಡಣೆಯಾಗಿ ಡಬ್ಬಿಯಲ್ಲಿ ಹೋಗುತ್ತದೆ. ಉಳಿದದ್ದು ಡೀಲರ್ ಅಂಗಡಿಯ ಮೆಕ್ಯಾನಿಕ್ ಕೈಯಲ್ಲಿ. ಆತನಿಗೆ ಸಿಗುವುದು ಸೈಕಲ್ಲಿಗಿಷ್ಟು ಎಂಬ ಕೂಲಿ, ಹಾಗಾಗಿ ಬೇಗ ಮುಗಿಸುವುದೇ ಆತನ ಲಾಭ. ನೀವು ಎಷ್ಟೇ ಒಳ್ಳೆಯ ಸೈಕಲ್ ಮಾಡಿದರೂ ಗಿರಾಕಿ ಓಡಿಸುವುದು ಆ ಹದಿನೈದು ನಿಮಿಷದ ಕೆಲಸವನ್ನು.

ಪದೇ ಪದೇ ಆಗುವ ತಪ್ಪುಗಳು ಮತ್ತು ಅವುಗಳ ಕಾರಣ ಹೀಗಿವೆ.

ಪೆಡಲ್: ಎಡಗಡೆಯದಕ್ಕೆ ಉಲ್ಟಾ ಮರೆ (ಥ್ರೆಡ್) ಇರುತ್ತದೆ. ಅವಸರದಲ್ಲಿ ಎಡ-ಬಲ ಅದಲುಬದಲು ಮಾಡಿ ಸ್ಪಾನರ್‌ನಿಂದ ಒತ್ತಿ ತಿರುಗಿಸಿದರೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ, ಮರೆ ಕಿತ್ತುಹೋಗುತ್ತದೆ. ಮೊದಲ ಮೂರು ಸುತ್ತು ಬೆರಳಿನಿಂದಲೇ ಹೋಗಬೇಕು, ಕೊನೆಗೆ 35ರಿಂದ 40 ನ್ಯೂಟನ್-ಮೀಟರ್ ಬಿಗಿ. ಸಡಿಲವಾಗಿ ಬಿಟ್ಟರೂ ವಾರದೊಳಗೆ ಮರೆ ತಿಂದುಹೋಗುತ್ತದೆ.

ಹಿಂದಿನ ಚಕ್ರದ ಕಡ್ಡಿ: ಬಲಗಡೆ, ಫ್ರೀವೀಲ್ ಪಕ್ಕದ ಕಡ್ಡಿಗಳು ಚಕ್ರದ ನಡುವಿನ ಹಬ್ಬಿನ (ಹಬ್) ಬಳಿ ಬಾಗುವ ಜಾಗದಲ್ಲಿ ತುಂಡಾಗುತ್ತವೆ. ಎಲ್ಲರೂ ಕಡ್ಡಿಯ ಗುಣಮಟ್ಟವನ್ನು ಬೈಯುತ್ತಾರೆ. ನಿಜವಾದ ಕಾರಣ ಬಹುತೇಕ ಸಲ ಕಡಿಮೆ ಬಿಗಿ. ಸಡಿಲ ಕಡ್ಡಿ ಚಕ್ರದ ಒಂದೊಂದು ಸುತ್ತಿಗೂ ಬಳುಕುತ್ತದೆ, ಬಳುಕಿ ಬಳುಕಿ ಲೋಹ ದಣಿದು ಮುರಿಯುತ್ತದೆ. 36 ಕಡ್ಡಿಯ ಡಬಲ್ ವಾಲ್ ಅಲಾಯ್ ರಿಮ್‌ಗೆ ಹಿಂದೆ ಬಲಗಡೆ 80ರಿಂದ 100 ಕೆ.ಜಿ. ಬಲದ ಬಿಗಿ ಇಡಿ. ಕಾರ್ಖಾನೆಯಲ್ಲಿ ಟೆನ್ಷನ್ ಮೀಟರ್‌ನಿಂದ ಪ್ರತಿ ಬ್ಯಾಚಿನ ಹತ್ತು ಚಕ್ರ ಅಳೆಯಿರಿ. ಡಬ್ಬಿಗೆ ಹಾಕುವ ಮುಂಚೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಹಿಂಡಿ, ಮತ್ತೊಮ್ಮೆ ಬೆಂಡ್ ತೆಗೆಯಿರಿ. ಈ ಒಂದು ಕೆಲಸಕ್ಕೆ ಚಕ್ರಕ್ಕೆ ಎರಡು ನಿಮಿಷ ಸಾಕು.

ಬಿ.ಬಿ. ಕಪ್ (ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ತಿರುಗುವ ಜಾಗ): ಒಂದೊಂದು ಬದಿಗೆ ಕಾಲು ಇಂಚಿನ ಬಿಡಿ ಬಾಲ್ 11 ಹಾಕಬೇಕಾದಲ್ಲಿ 12 ತುಂಬುತ್ತಾರೆ. ಬಾಲ್‌ಗಳು ಒಂದಕ್ಕೊಂದು ಉಜ್ಜಿ ಕಪ್ಪಿನಲ್ಲಿ ಗುಳಿ ಬೀಳುತ್ತದೆ, ಪೆಡಲ್ ತುಳಿದಾಗ ಟಕ್ ಟಕ್ ಸದ್ದು. ಮುಂದಿನ ಹಬ್ಬಿಗೆ ಬದಿಗೆ ಹತ್ತು, ಹಿಂದಿನದಕ್ಕೆ ಒಂಬತ್ತು. ಈ ಮೂರು ಸಂಖ್ಯೆಯನ್ನು ಡಬ್ಬಿಯ ಮೇಲೆಯೇ ಕನ್ನಡ, ತಮಿಳು, ಹಿಂದಿಯಲ್ಲಿ ಚಿತ್ರದೊಂದಿಗೆ ಮುದ್ರಿಸಿ.

ಚೈನು: ಗೇರಿಲ್ಲದ ಸೈಕಲ್ಲಿನಲ್ಲಿ ನಡುವೆ ಬೆರಳಿನಿಂದ ಒತ್ತಿದರೆ 10ರಿಂದ 15 ಮಿ.ಮೀ. ಆಡಬೇಕು. ಬಿಗಿ ಹೆಚ್ಚಾದರೆ ಹಬ್ಬು ಸವೆಯುತ್ತದೆ, ಕಡಿಮೆಯಾದರೆ ಚೈನು ಕಳಚುತ್ತದೆ.

ಪರಿಹಾರ ಹೀಗೆ: ಪ್ರತಿ ಡಬ್ಬಿಯಲ್ಲೂ 14 ಅಂಶಗಳ ಚೆಕ್‌ಲಿಸ್ಟ್ ಇಡಿ. ಮೆಕ್ಯಾನಿಕ್ ಅದನ್ನು ತುಂಬಿ, ಫ್ರೇಮ್ ನಂಬರ್ ಕಾಣುವಂತೆ ಒಂದು ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದರೆ ಸೈಕಲ್ಲಿಗೆ ₹100ರಿಂದ ₹150ರವರೆಗೆ ನೇರ ಆತನ ಖಾತೆಗೆ ಹಾಕಿ. ಡೀಲರ್ ಮೂಲಕ ಕೊಟ್ಟರೆ ಅದು ಮೆಕ್ಯಾನಿಕ್‌ಗೆ ತಲುಪುವುದಿಲ್ಲ. 30 ದಿನಕ್ಕೆ ಒಂದು ಉಚಿತ ಸರ್ವಿಸ್ ಕಡ್ಡಾಯ ಮಾಡಿ. ಹೊಸ ಕಡ್ಡಿ, ಹೊಸ ಕೇಬಲ್ ಎರಡೂ ಮೊದಲ 100-150 ಕಿ.ಮೀ.ಯಲ್ಲಿ ಹಿಗ್ಗುತ್ತವೆ. ಆಗ ಬಿಗಿ ಮಾಡಿದ ಸೈಕಲ್ ಮುಂದೆ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ.

ಕಾರ್ಖಾನೆಯಲ್ಲಿ ಒಂದು ದೂರು ಪುಸ್ತಕ ಇರಲಿ: ಭಾಗ, ಪೂರೈಕೆದಾರ, ಬ್ಯಾಚ್, ಮಾರಾಟವಾದ ತಾರೀಖು, ದೂರಿನ ತಾರೀಖು. 90 ದಿನದೊಳಗೆ ಸಾವಿರ ಸೈಕಲ್ಲಿಗೆ ಎಷ್ಟು ದೂರು ಎಂಬ ಅಂಕಿಯನ್ನು ಎಂ.ಡಿ. ಪ್ರತಿ ಸೋಮವಾರ ನೋಡಬೇಕು.

ಹಂತ 4: ಮಾದರಿಗಳನ್ನು ಕಡಿಮೆ ಮಾಡಿ, ಮೆಟ್ಟಿಲು ಕಟ್ಟಿ

ಆರು ಮಾದರಿ, ಮೂರು ಅಳತೆ, ನಾಲ್ಕು ಬಣ್ಣ, ಎರಡು ಬಗೆಯ ಬ್ರೇಕ್. ಗುಣಿಸಿದರೆ 144 ಬಗೆ. ಇಷ್ಟನ್ನು ಯಾವ ಡೀಲರ್ ಕೂಡ ಇಟ್ಟುಕೊಳ್ಳಲಾರ. ಗಿರಾಕಿ ಕೇಳಿದ್ದು ಇರುವುದಿಲ್ಲ, ಇರುವುದನ್ನು ಯಾರೂ ಕೇಳುವುದಿಲ್ಲ. ಹಿಂದಿನ 12 ತಿಂಗಳ ಮಾರಾಟ ತೆಗೆದು, ನೇರ ಖರ್ಚು ಕಳೆದು ಉಳಿದ ಒಟ್ಟು ಹಣದಲ್ಲಿ ಕೊನೆಯ ಶೇ. 5 ಮಾತ್ರ ತರುವ ಬಗೆಗಳನ್ನೆಲ್ಲ ನಿಲ್ಲಿಸಿ. ಅರ್ಧದಷ್ಟು ಪಟ್ಟಿ ಹೋದರೂ ಆಶ್ಚರ್ಯಪಡಬೇಡಿ.

ಮೊದಲು ಹೋಗಬೇಕಾದದ್ದು ಅಗ್ಗದ ಉಕ್ಕಿನ ಡಬಲ್ ಸಸ್ಪೆನ್ಶನ್ ಎಂಟಿಬಿ. ನೋಡಲು ಮೋಟಾರ್ ಸೈಕಲ್ ಹಾಗೆ, ತೂಕ 18-20 ಕೆ.ಜಿ. ಹುಡುಗ ತುಳಿದ ಬಲದಲ್ಲಿ ಒಂದು ಪಾಲು ಸ್ಪ್ರಿಂಗ್ ಕುಗ್ಗಿಸಲಿಕ್ಕೇ ಹೋಗುತ್ತದೆ. ಆರು ತಿಂಗಳಿಗೆ ಹಿಂದಿನ ಪಿವಟ್ (ಕೀಲು) ಆಡತೊಡಗುತ್ತದೆ, ಸೈಕಲ್ ಮೂಲೆ ಸೇರುತ್ತದೆ. ಸೈಕಲ್ ಎಂದರೆ ಭಾರ, ಆಯಾಸ ಎಂದು ಒಂದು ಇಡೀ ಪೀಳಿಗೆಗೆ ಕಲಿಸಿಕೊಟ್ಟದ್ದು ಇಂಥ ಸೈಕಲ್‌ಗಳು. ಅದೇ ಖರ್ಚಿನಲ್ಲಿ ಗಟ್ಟಿ ಫೋರ್ಕ್, ಅಲಾಯ್ ರಿಮ್, ಒಳ್ಳೆಯ ಬ್ರೇಕ್ ಇರುವ, ನಾಲ್ಕು ಕೆ.ಜಿ. ಹಗುರವಾದ ಸೈಕಲ್ ಕೊಡಬಹುದು.

ಮಕ್ಕಳ ಸೈಕಲ್ ಮೆಟ್ಟಿಲಿನ ಮೊದಲ ಹೆಜ್ಜೆ. ಅಂದಾಜಿಗೆ 12 ಇಂಚು 2-4 ವರ್ಷಕ್ಕೆ, 16 ಇಂಚು 4-7ಕ್ಕೆ, 20 ಇಂಚು 6-9ಕ್ಕೆ, 24 ಇಂಚು 9-12ಕ್ಕೆ. ಒಂದು ಮಗು ಹತ್ತು ವರ್ಷದಲ್ಲಿ ನಾಲ್ಕು ಸಲ ಅಂಗಡಿಗೆ ಬರುತ್ತದೆ. ಹಳೆಯದನ್ನು ತಂದರೆ ಹೊಸದರಲ್ಲಿ ಇಂತಿಷ್ಟು ಕಡಿತ ಎಂದು ಲಿಖಿತ ಭರವಸೆ ಕೊಡಿ. ವಾಪಸು ಬಂದದ್ದನ್ನು ಟೈರು, ಗ್ರಿಪ್ಪು, ಬ್ರೇಕ್ ಶೂ ಬದಲಿಸಿ ಸಣ್ಣ ಊರುಗಳಲ್ಲಿ ಮಾರಬಹುದು.

ಕರಿ ಸೈಕಲ್ಲನ್ನು ಮಾತ್ರ ಕೊಲ್ಲಬೇಡಿ, ಅದನ್ನು ದುಡಿಯುವ ಸೈಕಲ್ ಆಗಿ ಮತ್ತೆ ರೂಪಿಸಿ. 2005ರಲ್ಲಿ ಶುರುವಾದ ವರ್ಲ್ಡ್ ಬೈಸಿಕಲ್ ರಿಲೀಫ್ ಸಂಸ್ಥೆ ಆಫ್ರಿಕಾದ ಹಳ್ಳಿಗಳಿಗಾಗಿ ಮಾಡಿದ ಬಫಲೊ ಸೈಕಲ್ ನೋಡಿ: 100 ಕೆ.ಜಿ. ಹೊರುವ ಕ್ಯಾರಿಯರ್, ಮಳೆ-ಕೆಸರಿಗೆ ಜಗ್ಗದಂತೆ ಹಬ್ಬಿನೊಳಗೇ ಇರುವ ಬ್ರೇಕ್. ಹಾಲಿನ ಕ್ಯಾನ್, ಎಳನೀರು, ಪೇಪರ್ ಕಟ್ಟು, ಸೊಪ್ಪಿನ ಬುಟ್ಟಿ ಹೊರುವವರು ನಮ್ಮಲ್ಲೂ ಇದ್ದಾರೆ. ಕಟ್ಟುವ ಹಗ್ಗ ಜಾರದ ಕ್ಯಾರಿಯರ್, ಎರಡು ಕಾಲಿನ ಗಟ್ಟಿ ಸ್ಟ್ಯಾಂಡ್, ದಪ್ಪ ಕಡ್ಡಿ ಕೊಟ್ಟರೆ ₹1,000 ಹೆಚ್ಚು ಕೊಡಲು ಅವರು ಹಿಂಜರಿಯುವುದಿಲ್ಲ. ಸೈಕಲ್ ಕೆಟ್ಟರೆ ಅವರ ಆ ದಿನದ ದುಡಿಮೆಯೇ ಹೋಗುತ್ತದೆ.

ಮೇಲಿನ ಮೆಟ್ಟಿಲಿಗೆ ಬೇರೆ ಹೆಸರು, ಬೇರೆ ಅಂಗಡಿ ಬೇಕು. 2015ರಲ್ಲಿ ಹೀರೊ ಸೈಕಲ್ಸ್ ತನ್ನ ಹೆಸರನ್ನೇ ಎಳೆದು ತರುವ ಬದಲು ಫೈರ್‌ಫಾಕ್ಸ್ ಕಂಪನಿಯನ್ನು ಕೊಂಡುಕೊಂಡದ್ದು ಇದೇ ಕಾರಣಕ್ಕೆ ಸರಿಯಾದ ನಡೆ. ₹25,000ದ ಗೇರ್ ಸೈಕಲ್ಲನ್ನು ಪಂಕ್ಚರ್ ತೊಟ್ಟಿಯ ಪಕ್ಕ ನಿಲ್ಲಿಸಿದರೆ ಯಾರೂ ಕೊಳ್ಳುವುದಿಲ್ಲ. ಕೊಂಡುಕೊಳ್ಳುವಷ್ಟು ಬಂಡವಾಳ ನಿಮ್ಮಲ್ಲಿ ಇಲ್ಲದಿದ್ದರೆ ಬೆಂಗಳೂರು, ಪುಣೆಯಂಥ ಎರಡೇ ಊರಿನಲ್ಲಿ ಐದು ಅಂಗಡಿಯಿಂದ ಶುರುಮಾಡಿ, ಮೂರೇ ಮಾದರಿ ಸಾಕು.

ಹಂತ 5: ಇ-ಸೈಕಲ್, ಆದರೆ ಅವಸರ ಬೇಡ

30 ನಿಮಿಷದ ಶಕ್ತಿ 0.25 ಕಿಲೋವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಭಾರತದಲ್ಲಿ ನೋಂದಣಿ, ಲೈಸೆನ್ಸ್ ಬೇಡ. ಈ ಗೆರೆ ದಾಟುವ "ಸೀಕ್ರೆಟ್ ಮೋಡ್" ಇಟ್ಟು ಮಾರಬೇಡಿ. ಅಪಘಾತವಾದ ದಿನ ಅದು ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ.

36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಸುಮಾರು 280 ವಾಟ್-ಅವರ್. ಪೆಡಲ್ ತುಳಿಯುತ್ತಾ ಸಮತಟ್ಟು ರಸ್ತೆಯಲ್ಲಿ ಕಿ.ಮೀ.ಗೆ 8-10 ವಾಟ್-ಅವರ್ ಹಿಡಿದರೆ 28ರಿಂದ 35 ಕಿ.ಮೀ. ಜಾಹೀರಾತಿನಲ್ಲೂ ಅಷ್ಟನ್ನೇ ಹೇಳಿ. ಕೆಡುವುದು ಮುಖ್ಯವಾಗಿ ಮೂರು ಕಡೆ: ಮಳೆನೀರು ಇಳಿಯುವ ಕನೆಕ್ಟರ್, ಹಿಂದಿನ ಹಬ್ ಮೋಟರಿನ ಕಡ್ಡಿ, ಅಂಗಡಿಯಲ್ಲೇ ಸಾಯುವ ಬ್ಯಾಟರಿ. ಮೂರನೆಯದೇ ಹೆಚ್ಚು. ಮಾರಾಟವಾಗದೆ ಆರು ತಿಂಗಳು ನಿಂತ ಸೈಕಲ್ಲಿನ ಬ್ಯಾಟರಿ ತಾನೇ ಪೂರ್ತಿ ಇಳಿದು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಎರಡು ತಿಂಗಳಿಗೊಮ್ಮೆ ಶೇ. 50-60ಕ್ಕೆ ಚಾರ್ಜ್ ಮಾಡಬೇಕೆಂಬ ಷರತ್ತು ಡೀಲರ್ ಒಪ್ಪಂದದಲ್ಲೇ ಇರಲಿ.

ಹಂತ 6: ಬಿಡಿಭಾಗದ ವ್ಯಾಪಾರವನ್ನು ನಿಮ್ಮದಾಗಿಸಿಕೊಳ್ಳಿ

ಒಂದು ಸೈಕಲ್ ತನ್ನ ಆಯುಷ್ಯದಲ್ಲಿ ಹಲವು ಜೊತೆ ಟೈರು-ಟ್ಯೂಬು, ಬ್ರೇಕ್ ಶೂ, ಒಂದೆರಡು ಚೈನು, ಫ್ರೀವೀಲ್, ಪೆಡಲ್ ತಿನ್ನುತ್ತದೆ. ಈಗ ಅದರ ಲಾಭವೆಲ್ಲ ಹೆಸರಿಲ್ಲದ ಲೂಧಿಯಾನ ಮಾಲಿಗೆ ಹೋಗುತ್ತಿದೆ. ಎಲ್ಲ ಭಾಗ ಮಾರಲು ಹೋಗಬೇಡಿ. ಬೇಗ ಸವೆಯುವ ಹತ್ತು ಭಾಗಗಳ ಕಿಟ್ ಮಾಡಿ, ಪ್ರತಿ ಡೀಲರ್‌ಗೆ 20 ಕಿಟ್ ಉದ್ರಿ ಕೊಡಿ, ಮಾರಾಟವಾದ ಮೇಲೆ ಹಣ ಪಡೆಯಿರಿ. ಹಂತ 4ರಲ್ಲಿ ಮಾದರಿ ಕಡಿಮೆ ಮಾಡದೆ ಇದನ್ನು ಶುರುಮಾಡಿದರೆ ಸಿಕ್ಕಿಬೀಳುತ್ತೀರಿ: 144 ಬಗೆಗೆ ಕಿಟ್ ಜೋಡಿಸಲಾಗದು.

ಹಂತ 7: ರಫ್ತು

ಐರೋಪ್ಯ ಒಕ್ಕೂಟ ಚೀನಾದ ಸೈಕಲ್ ಮೇಲೆ ಶೇ. 48.5ರವರೆಗೆ ಆಂಟಿ-ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ಮಾಲು ಸುರಿಯುವುದನ್ನು ತಡೆಯುವ ಸುಂಕ) ಹಾಕಿದೆ. ಭಾರತದ ಸೈಕಲ್ ಮೇಲೆ ಅದಿಲ್ಲ. ಬಾಗಿಲು ತೆರೆದಿದೆ, ಆದರೆ ಒಳಗೆ ಹೋಗಲು ಐಎಸ್‌ಒ 4210 ಎಂಬ ಸೈಕಲ್ ಸುರಕ್ಷತಾ ಮಾನದಂಡ ಪಾಸಾಗಬೇಕು. ಅದರ ಪೆಡಲ್ ಪರೀಕ್ಷೆಯಲ್ಲಿ ಫ್ರೇಮ್ 1,00,000 ಸಲ ಭಾರ ತಡೆಯಬೇಕು. ಬಿರುಕು ಬಿಡುವುದು ಸಾಮಾನ್ಯವಾಗಿ ಬಿ.ಬಿ. ಶೆಲ್ಲಿನ ಬೆಸುಗೆಯ ಅಂಚಿನಲ್ಲಿ. ವೆಲ್ಡಿಂಗ್ ಕರೆಂಟ್ ಹೆಚ್ಚಿಟ್ಟು ಪೈಪು ತೆಳುವಾದದ್ದೇ ಕಾರಣವಾಗಿರುತ್ತದೆ. ಗ್ರಿಪ್ಪಿನ ರಬ್ಬರನ್ನೂ ಮರೆಯಬೇಡಿ: ಅದರಲ್ಲಿ ಕೆಲವು ವಿಷಕಾರಿ ಹೈಡ್ರೊಕಾರ್ಬನ್‌ಗಳು ಕೆ.ಜಿ.ಗೆ 1 ಮಿ.ಗ್ರಾಂ ಮೀರಿದರೆ ಯುರೋಪಿನಲ್ಲಿ ಮಾರುವಂತಿಲ್ಲ, ಅಗ್ಗದ ಕರಿ ಗ್ರಿಪ್ಪುಗಳು ಇಲ್ಲಿ ಎಡವುತ್ತವೆ. ಮೊದಲ ಸ್ಯಾಂಪಲ್‌ನಿಂದ ಮೊದಲ ಕಂಟೇನರ್‌ವರೆಗೆ ಒಂದೂವರೆ ವರ್ಷ ಇಟ್ಟುಕೊಳ್ಳಿ.

ಬೆಲೆಯಲ್ಲಿ ಚೀನಾದ ಜೊತೆ ಸೆಣಸಲು ಹೋಗಬೇಡಿ. ಆ ಪಾಠ ತೈವಾನ್ ಕಲಿತಿದೆ. ಅಗ್ಗದ ಆರ್ಡರ್‌ಗಳು ಚೀನಾಕ್ಕೆ ಹೋದಾಗ, 2003ರಲ್ಲಿ ಪ್ರತಿಸ್ಪರ್ಧಿಗಳಾದ ಜೈಂಟ್ ಮತ್ತು ಮೆರಿಡಾ ಬಿಡಿಭಾಗ ತಯಾರಕರನ್ನೂ ಸೇರಿಸಿಕೊಂಡು ಎ-ಟೀಮ್ ಕಟ್ಟಿದವು. ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ಒಟ್ಟಿಗೆ ಕಲಿತು ದುಬಾರಿ ಸೈಕಲ್ಲಿನತ್ತ ಹೊರಳಿದವು. ತೈವಾನ್ ಕಳಿಸುವ ಸೈಕಲ್‌ಗಳ ಸಂಖ್ಯೆ ಮೊದಲಿಗಿಂತ ಕಡಿಮೆ, ಒಂದೊಂದರ ಬೆಲೆ ಮೊದಲಿನ ಹಲವು ಪಟ್ಟು.

ಹಂತ 8: ತೆರಿಗೆ ಮತ್ತು ಕೈಹಣ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಗಿರಾಕಿಗೆ ಒಳ್ಳೆಯದು. ಆದರೆ ನೀವು ಕೊಳ್ಳುವ ಉಕ್ಕು, ಬಣ್ಣ ಶೇ. 18ರಲ್ಲೇ ಇವೆ. ಕಟ್ಟಿದ ತೆರಿಗೆ ಹೆಚ್ಚು, ವಸೂಲಿ ಮಾಡುವುದು ಕಡಿಮೆ, ನಡುವಿನ ಹಣ ಖಾತೆಯಲ್ಲಿ ಕೂರುತ್ತದೆ. ಇನ್ವರ್ಟೆಡ್ ಡ್ಯೂಟಿ ರೀಫಂಡ್ ಅರ್ಜಿಯನ್ನು ಪ್ರತಿ ತಿಂಗಳೂ ಹಾಕಿ, ವರ್ಷದ ಕೊನೆಗೆ ಬಿಡಬೇಡಿ. ಈ ರೀಫಂಡ್ ಕಚ್ಚಾ ಮಾಲಿಗಷ್ಟೇ. ಯಂತ್ರ ಮತ್ತು ಸೇವೆಗಳ ಮೇಲೆ ಕಟ್ಟಿದ್ದು ಇದರಲ್ಲಿ ಬರುವುದಿಲ್ಲ. ಹೊಸ ಪೇಂಟ್ ಲೈನ್ ಹಾಕುವ ಬಜೆಟ್‌ನಲ್ಲಿ ಇದನ್ನು ಖರ್ಚೆಂದೇ ಹಿಡಿಯಿರಿ.

ಸಣ್ಣ ಪೂರೈಕೆದಾರರ ಬಿಲ್ಲನ್ನು ಒಪ್ಪಂದವಿದ್ದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡದೆ, ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡರೆ, ಆದಾಯ ತೆರಿಗೆ ನಿಯಮದಂತೆ ಆ ಖರ್ಚು ಆ ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಟೆಂಡರ್ ಹಣ 180 ದಿನಕ್ಕೆ ಬರುವುದು, ನೀವು 45 ದಿನಕ್ಕೆ ಕೊಡಬೇಕಾದದ್ದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಹಂತ 2ರ ಮಿತಿ ಯಾಕೆ ಬೇಕೆಂದು ತಿಳಿಯುತ್ತದೆ.

ಕೆಲಸದ ಕ್ರಮ

ಮೊದಲ ಮೂರು ತಿಂಗಳು ಹಂತ 1 ಮತ್ತು ಮಾದರಿ ಕಡಿತ ಮಾತ್ರ. ನಾಲ್ಕನೇ ತಿಂಗಳಿಂದ 30 ಡೀಲರ್‌ಗಳಲ್ಲಿ ಫಿಟ್ಟಿಂಗ್ ಯೋಜನೆ. ದೂರು ಅರ್ಧಕ್ಕೆ ಇಳಿದ ಮೇಲೆ ಉಳಿದವರಿಗೆ. ಏಳರಿಂದ ಹನ್ನೆರಡನೇ ತಿಂಗಳೊಳಗೆ ದುಡಿಯುವ ಸೈಕಲ್ ಮತ್ತು ಬಿಡಿಭಾಗ ಕಿಟ್. ಇ-ಸೈಕಲ್, ರಫ್ತು ಎರಡನೇ ವರ್ಷಕ್ಕೆ. ಶಾಲೆ ಶುರುವಾಗುವ ಹೊತ್ತಿನ ವ್ಯಾಪಾರಕ್ಕೆ ಏಪ್ರಿಲ್ ಮಧ್ಯಕ್ಕೆ ಮಾಲು ಡೀಲರ್ ಬಳಿ ಇರಬೇಕು; ಮೇ ಕೊನೆಗೆ ಬಂದ ಮಾಲು ಆಯುಧಪೂಜೆಯವರೆಗೆ ಕಾಯುತ್ತದೆ.

ಎಲ್ಲಾ ಡೀಲರ್‌ಗಳಿಂದಲೂ ಪ್ರತಿ ತಿಂಗಳು ಗೋಡೌನಿನ ಎಣಿಕೆ ತರಿಸಿಕೊಳ್ಳಿ. ತಿಂಗಳ ಕೊನೆಯ ವಾರದಲ್ಲಿ ಗುರಿ ಮುಟ್ಟಲು ಸೇಲ್ಸ್‌ನವರು ಮಾಲು ತುಂಬುತ್ತಾರೆ, ಬಿಲ್ಲಿನಲ್ಲಿ ಬೆಳವಣಿಗೆ ಕಾಣುತ್ತದೆ, ಎರಡು ತಿಂಗಳ ನಂತರ ಅದೇ ಮಾಲು ಸ್ಕೀಮ್ ಕೇಳುತ್ತಾ ವಾಪಸು ಬರುತ್ತದೆ. ಡೀಲರ್ ಬಳಿ 60 ದಿನದ ಮಾರಾಟಕ್ಕಿಂತ ಹೆಚ್ಚು ಸ್ಟಾಕ್ ಇದ್ದರೆ ಆ ಮಾದರಿಯ ಬಿಲ್ಲಿಂಗ್ ಕಂಪ್ಯೂಟರಿನಲ್ಲೇ ಲಾಕ್ ಆಗುವಂತೆ ಮಾಡಿ, ಲಾಕ್ ತೆಗೆಯುವ ಅಧಿಕಾರವನ್ನು ಸೇಲ್ಸ್ ವಿಭಾಗಕ್ಕೆ ಕೊಡಬೇಡಿ.